ಹಳೇ ಕಾಲದ ಹಳ್ಳಿ ಪಬ್ಬಿಗೆ ಅಪ್ಪ-ಅಮ್ಮನ್ನ ಕರ್ಕೊಂಡು ಹೋಗ್ಬೇಕು, ಊಟಾನೂ ಚೆನ್ನಾಗಿರ್ಬೇಕು. ಎಲ್ಲಿಗೆ ಹೋಗ್ಲಿ?

ಕೊವೆಂಟ್ರಿ ಕಾವೇರಿ
ಅಪ್ಪ-ಅಮ್ಮ ಮೈಸೂರಿಂದ ಬಂದಿದ್ದಾರೆ, ಜೂನ್ ಮಧ್ಯದವರೆಗೂ ಇಲ್ಲೇ ಇರ್ತಾರೆ. ವಾರಿಕ್ ಕೋಟೆ, ಸ್ಟ್ರ್ಯಾಟ್‌ಫರ್ಡ್, ಲಂಡನ್ನಿನ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ, ಎಲ್ಲಾ ಆಯ್ತು. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಅರಮನೆ-ಕೋಟೆ ನೋಡಿ ಸಾಕಾಯ್ತು, ಇಲ್ಲಿನ ಸಾಮಾನ್ಯ ಜನ ಆರುನೂರು ವರ್ಷದ ಹಿಂದೆ ಎಲ್ಲಿ ಕೂತು ಉಣ್ತಿದ್ರೋ ಅಲ್ಲಿ ಕೂತು ಉಣ್ಬೇಕು ಅಂತಾರೆ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. "ಹೆಂಡದ ಅಂಗಡಿಗೆ ನಾನ್ಯಾಕೆ ಬರ್ಲಿ" ಅಂತ ಕೂತಿದ್ದಾರೆ. ಜೊತೆಗೆ ಇಬ್ಬರು ಚಿಕ್ಕ ಮಕ್ಕಳು. ಕೊವೆಂಟ್ರಿಯಿಂದ ಗಂಟೆ-ಗಂಟೂವರೆ ಕಾರಿನ ದೂರದಲ್ಲಿ, ನಿಜವಾಗ್ಲೂ ಹಳೇದಾಗಿರೋ, ಊಟ ಕೊಡೋ ಪಬ್ ಯಾವುದಾದ್ರೂ ಇದ್ಯಾ? ಬರೀ ಫಲಕದಲ್ಲಿ ಇಸವಿ ಬರೆದಿರೋದು ಬೇಡ.

ಧಾರವಾಡ ಪೇಢಾ
ಅಲ್ರೀ, ಹಳೇದು ಬೇಕಂದ್ರ ನಾಟಿಂಗ್‌ಹ್ಯಾಮ್‌ನ ಟ್ರಿಪ್ ಟು ಜೆರುಸಲೇಮ್‌ಗೆ ಹೋಗ್ರಿ. ಗ್ವಾಡಿ ಮ್ಯಾಲೆ 1189 ಅಂತ ದೊಡ್ಡದಾಗಿ ಬರದಾರ. ಕೋಟೆ ಕೆಳಗಿನ ಬಂಡೆ ಕೊರದು ಮಾಡಿದ ಖೋಲಿ ಅದಾವ. ನಿಮ್ಮ ಅಪ್ಪಾರಿಗೆ ಭಾಳ ಸೇರತದ.

ಓಕ್ ತೊಲೆ
ಪೇಢಾ ಅವರೇ, ಆ ಗುಹೆಗಳು ನೋಡೋ ಹಾಗಿವೆ, ಒಪ್ತೀನಿ. ಆದ್ರೆ ಅದು ಹಳ್ಳಿ ಪಬ್ ಅಲ್ಲ, ಪಟ್ಟಣದ ನಡುವೆ ಇರೋದು. 1189 ಅಂದ್ರೆ ಒಂದನೇ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ. ಈಗ ನಿಂತಿರೋ ಕಟ್ಟಡದ ಬಹುಪಾಲು ಹದಿನೇಳನೇ ಶತಮಾನದ್ದು. ಸೇಂಟ್ ಆಲ್ಬನ್ಸ್‌ನ ಫೈಟಿಂಗ್ ಕಾಕ್ಸ್ 793 ಅಂತ ಹೇಳ್ಕೊಳ್ಳುತ್ತೆ, ಕಟ್ಟಡ ಹದಿನಾರನೇ ಶತಮಾನದ್ದು. ಸ್ಟೋ ಆನ್ ದ ವೋಲ್ಡ್‌ನ ಪೋರ್ಚ್ ಹೌಸ್ 947 ಅನ್ನುತ್ತೆ. ಇಂಗ್ಲೆಂಡಿನ ಅತಿ ಹಳೇ ಪಬ್ ಯಾವುದು ಅನ್ನೋ ಜಗಳ ಮುಗಿಯೋದೇ ಇಲ್ಲ. ಯಾಕಂದ್ರೆ ಒಬ್ಬರು ಜಾಗದ ವಯಸ್ಸು ಹೇಳ್ತಾರೆ, ಇನ್ನೊಬ್ಬರು ಗೋಡೆಯ ವಯಸ್ಸು, ಮತ್ತೊಬ್ಬರು ಪರವಾನಗಿಯ ವಯಸ್ಸು. ಇತಿಹಾಸದ ಮೇಷ್ಟ್ರಿಗೆ ಈ ಮೂರನ್ನೂ ಬೇರೆ ಬೇರೆ ಮಾಡಿ ತೋರಿಸೋ ಜಾಗ ಬೇಕು.

ನನ್ನ ಸಲಹೆ: ವೂಸ್ಟರ್‌ಶೈರಿನ ಬ್ರೆಟ್‌ಫರ್ಟನ್ ಹಳ್ಳಿಯ ಫ್ಲೀಸ್ ಇನ್. ಈವ್ಶಮ್ ಪಕ್ಕದಲ್ಲೇ, ನಿಮ್ಮ ದೂರದ ಲೆಕ್ಕಕ್ಕೂ ಸರಿಹೋಗುತ್ತೆ. ಇದು ಪಬ್ ಆಗಬೇಕು ಅಂತ ಕಟ್ಟಿದ ಮನೇನೇ ಅಲ್ಲ. ಸುಮಾರು 1400ರ ಹೊತ್ತಿಗೆ ಬರ್ಡ್ ಅನ್ನೋ ರೈತ ಕುಟುಂಬ ಕಟ್ಟಿದ ಉದ್ದಮನೆ, ಜನ ಮತ್ತು ದನ ಒಂದೇ ಸೂರಿನಡಿ. ಪರವಾನಗಿ ತಗೊಂಡು ಪಬ್ ಆದದ್ದು 1848ರಲ್ಲಿ. ಅದೇ ವಂಶದ ಕೊನೆಯ ಹೆಣ್ಣುಮಗಳು ಲೋಲಾ ಟಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಮನೆ, ಪಾತ್ರೆ-ಪಗಡ ಎಲ್ಲಾನೂ ಹಳೇ ಕಟ್ಟಡ ಕಾಪಾಡೋ ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟರು. ನಡೀತಾ ಇರೋ ಪಬ್ ಆಗೇ ಇರಬೇಕು ಅನ್ನೋದು ಅವರ ಆಸೆ, ಇವತ್ತಿಗೂ ಹಾಗೇ ಇದೆ. ಒಳಗೆ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಮಾರಕೂಡದು ಅಂತಲೂ ಹೇಳಿದ್ದರಂತೆ.

ಸೊಪ್ಪುಸಾರು
ಫ್ಲೀಸ್‌ಗೆ ನನ್ನ ಮತಾನೂ ಇರಲಿ. ಈಗ ಹೋದ್ರೆ ಆಸ್ಪರಾಗಸ್ ಕಾಲ, ಹಸಿರು ಕಡ್ಡಿಯಂಥ ತರಕಾರಿ ಅದು. ಈವ್ಶಮ್ ಕಣಿವೆ ಅದಕ್ಕೇ ಹೆಸರುವಾಸಿ. ಸೇಂಟ್ ಜಾರ್ಜ್ ದಿನ, ಅಂದ್ರೆ ಏಪ್ರಿಲ್ 23ರಿಂದ ಜೂನ್ 21ರವರೆಗೆ ಮಾತ್ರ ಸೀಸನ್. ಆಮೇಲೆ ಗಿಡ ಮುಂದಿನ ವರ್ಷಕ್ಕೆ ಶಕ್ತಿ ಕೂಡಿಸ್ಕೊಳ್ಳಲಿ ಅಂತ ಕೊಯ್ಯೋದು ನಿಲ್ಲಿಸ್ತಾರೆ. ಮೇ ಕೊನೆಯ ರಜೆಯಲ್ಲಿ ಫ್ಲೀಸ್ ಅಂಗಳದಲ್ಲೇ ಆಸ್ಪರಾಗಸ್ ಹಬ್ಬ ನಡೆಯುತ್ತೆ, ಕಟ್ಟುಗಳನ್ನ ಹರಾಜು ಹಾಕ್ತಾರೆ. ಅಮ್ಮನಿಗೆ ಬೆಣ್ಣೆ ಹಾಕಿದ ಆಸ್ಪರಾಗಸ್ ಹೇಳಿ. ಹಾಲಂಡೇಸ್ ಸಾಸ್ ಮಾತ್ರ ಬೇಡ ಅನ್ನಿ, ಅದರಲ್ಲಿ ಮೊಟ್ಟೆ ಹಳದಿ ಇರುತ್ತೆ. ಮೇಲೆ ಪಾರ್ಮೆಸಾನ್ ಚೀಸ್ ತುರಿದ್ರೆ ಅದೂ ಬೇಡ, ಹಾಲು ಒಡೆಸೋಕೆ ಹಾಕೋ ಕರುವಿನ ಹೊಟ್ಟೆಯ ರೆನೆಟ್ ಇಲ್ಲದೆ ಅಸಲಿ ಪಾರ್ಮೆಸಾನ್ ಆಗೋದೇ ಇಲ್ಲ.

ಮಂಗಳೂರು ಮೀನು
ಪಬ್ಬಿಗೆ ಹೋಗಿ ಬೇಯಿಸಿದ ಕಡ್ಡಿ ತಿನ್ನೋದಾ? ಮರಾಯ್ರೆ, ಅಪ್ಪನಿಗಾದ್ರೂ ಒಂದು ಪೈ ತೆಗೆಸಿಕೊಡಿ.

ಕೊವೆಂಟ್ರಿ ಕಾವೇರಿ
ಮೀನು, ಅಪ್ಪನೂ ಸಸ್ಯಾಹಾರಿನೇ. ಮೊಟ್ಟೆ ತಿಂತಾರೆ ಅಷ್ಟೇ. 

ಓಕ್ ತೊಲೆ, ಸೊಪ್ಪುಸಾರು, ತುಂಬಾ ಥ್ಯಾಂಕ್ಸ್. ಮಕ್ಕಳನ್ನ ಒಳಗೆ ಬಿಡ್ತಾರಾ? ಭಾರತದಲ್ಲಿ ಬಾರ್ ಬಾಗಿಲಲ್ಲೇ ನಿಲ್ಲಿಸ್ತಾರಲ್ಲ.

ರಾತ್ರಿಪಾಳಿ
ಬಿಡ್ತಾರೆ. ದೊಡ್ಡವರ ಜೊತೆಗಿದ್ರೆ ಕಾನೂನಿನ ತೊಂದರೆ ಏನೂ ಇಲ್ಲ, ಆದ್ರೆ ಸಂಜೆ ಇಂತಿಷ್ಟು ಹೊತ್ತಾದ ಮೇಲೆ ಮಕ್ಕಳು ಬೇಡ ಅಂತ ಆಯಾ ಪಬ್ಬಿನವರು ನಿಯಮ ಮಾಡ್ಕೊಂಡಿರಬಹುದು. ಮಧ್ಯಾಹ್ನದ ಊಟಕ್ಕೆ ಹೋಗಿ.

ಸಮಯ ಮರೀಬೇಡಿ. ಪಬ್ ಇಡೀ ದಿನ ತೆರೆದಿದ್ರೂ ಅಡುಗೆಮನೆ ಇಡೀ ದಿನ ತೆರೆದಿರಲ್ಲ. ಎರಡೂವರೆ ಮೂರಕ್ಕೆ ಒಲೆ ಆರಿಸಿದ್ರೆ ಸಂಜೆ ಆರರವರೆಗೆ ಬಿಸಿ ಊಟ ಸಿಗದ ಪಬ್ಬುಗಳು ಹಳ್ಳಿ ಕಡೆ ಎಷ್ಟೋ ಇವೆ. ನಮ್ಮವರು ಹನ್ನೊಂದಕ್ಕೆ ಮನೆ ಬಿಟ್ಟು, ದಾರೀಲಿ ಫೋಟೋ ತೆಗೆದು, ಮೂರು ಗಂಟೆಗೆ ಹೋಗಿ ಹಸ್ಕೊಂಡು ನಿಲ್ತಾರೆ. ಭಾನುವಾರವಾದ್ರೆ ಮೇಜು ಮೊದಲೇ ಕಾಯ್ದಿರಿಸಿ.

ಲೀಡ್ಸ್ ಕನ್ನಡಿಗ
ಭಾನುವಾರ ಹೋಗಲೇಬೇಡಿ ಅಂತೀನಿ ನಾನು. ಅವತ್ತು ಹೆಚ್ಚಿನ ಕಡೆ ರೋಸ್ಟ್, ಅಂದ್ರೆ ಓವನ್ನಲ್ಲಿ ಬೇಯಿಸಿದ ಮಾಂಸ, ಅದೊಂದೇ ದೊಡ್ಡ ಊಟ. ಸಸ್ಯಾಹಾರಿಗಳಿಗೆ ಬೀಜಗಳಿಂದ ಮಾಡಿದ ನಟ್ ರೋಸ್ಟ್ ಕೊಟ್ರೂ ಪಕ್ಕದ ಆಲೂಗಡ್ಡೆ ಬಾತುಕೋಳಿ ಕೊಬ್ಬಲ್ಲಿ ಹುರಿದಿರ್ತಾರೆ, ಗ್ರೇವಿ ಮಾಂಸದ ಸಾರಿನದ್ದು, ಯಾರ್ಕ್‌ಶೈರ್ ಪುಡ್ಡಿಂಗಲ್ಲಿ ಮೊಟ್ಟೆ. ತಟ್ಟೆಯಲ್ಲಿ ಅಮ್ಮನಿಗೆ ಉಳಿಯೋದು ಕ್ಯಾರೆಟ್. ಇನ್ನೊಂದು ವಿಷಯ, ನಮ್ಮ ಯಾರ್ಕ್‌ಶೈರ್ ಕಡೆ ಫ್ರೈಸ್ ಕೂಡ ದನದ ಕೊಬ್ಬಲ್ಲಿ ಕರಿಯೋ ರೂಢಿ ಇದೆ. ಆಲೂಗಡ್ಡೆ ತಾನೇ ಅಂತ ಕೇಳದೆ ತಿಂದವರು ನನಗೆ ಗೊತ್ತು. ಯಾವ ಎಣ್ಣೆ ಅಂತ ಕೇಳಿ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸೊಪ್ಪುಸಾರು
ಹೌದು, ಕೇಳೋದಕ್ಕೆ ಒಂದು ದಾರಿನೂ ಇದೆ. ಇಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲ್-ಪಬ್ಬುಗಳು ಹದಿನಾಲ್ಕು ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು ಅಂತ ಕಾನೂನಿದೆ. ಅದರಲ್ಲಿ ಮೊಟ್ಟೆ ಇದೆ, ಮೀನಿದೆ, ಹಾಲಿದೆ. ಹಾಗಾಗಿ ಅಲರ್ಜನ್ ಪಟ್ಟಿ ಕೊಡಿ ಅಂದ್ರೆ ಯಾವ ತಿಂಡಿಯಲ್ಲಿ ಮೊಟ್ಟೆ ಇದೆ ಅಂತ ಗೊತ್ತಾಗುತ್ತೆ. ಆದ್ರೆ ಮಾಂಸದ ಸಾರು, ಜೆಲಾಟಿನ್, ರೆನೆಟ್ ಆ ಪಟ್ಟಿಯಲ್ಲಿ ಬರಲ್ಲ. ಅವನ್ನ ಬಾಯಿಬಿಟ್ಟೇ ಕೇಳ್ಬೇಕು.

ಸಿಹಿಗೆ ಆಪಲ್ ಕ್ರಂಬಲ್ ನೋಡಿ. ಮೇಲಿನ ಪುಡಿ ಹಿಟ್ಟು, ಬೆಣ್ಣೆ, ಸಕ್ಕರೆ ಅಷ್ಟೇ. ಜೊತೆಗೆ ಕೊಡೋ ಕಸ್ಟರ್ಡ್ ಪುಡಿಯಿಂದ ಮಾಡಿದ್ದಾ ಅಂತ ಕೇಳಿ. ಬರ್ಡ್ಸ್ ಕಸ್ಟರ್ಡ್ ಪುಡಿ ಹುಟ್ಟಿದ್ದೇ ಮೊಟ್ಟೆ ಆಗದವರಿಗಾಗಿ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್, ತನ್ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ ಅಂತ ಜೋಳದ ಪಿಷ್ಟದಲ್ಲಿ ಮಾಡಿದ್ದು. ಅಡುಗೆಯವರೇ ಹಾಲು-ಮೊಟ್ಟೆ ಹಾಕಿ ಕುದಿಸಿದ ಕಸ್ಟರ್ಡ್ ಆದ್ರೆ ಅಮ್ಮನಿಗೆ ಬೇಡ.

ಹಳೇ ಮೈಸೂರು
ಇಷ್ಟೆಲ್ಲಾ ವಿಚಾರಣೆ ಮಾಡಿ ಹೋಗೋ ಬದಲು ಮನೇಲಿ ಬಿಸಿಬೇಳೆಬಾತ್ ಮಾಡ್ಕೊಂಡು ಪಾರ್ಕಲ್ಲಿ ತಿನ್ನಬಾರದಾ? ಆ ತಾಯಿಗೆ ಇಷ್ಟ ಇಲ್ಲ ಅಂದ್ರೆ ಯಾಕೆ ಬಲವಂತ? ಹೆಂಡ ಮಾರೋ ಜಾಗ ಹೆಂಡ ಮಾರೋ ಜಾಗಾನೇ. ನಮ್ಮೂರಲ್ಲಿ ಸಾರಾಯಿ ಅಂಗಡಿ ಮುಂದೆ ಹೆಂಗಸರು ಏನು ಪಟ್ಟರು ಅಂತ ನಾನು ಕಣ್ಣಾರೆ ನೋಡಿದ್ದೀನಿ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಲ್ಲಿಸಿದಾಗ ಎಷ್ಟು ಮನೆಗಳು ಉಸಿರು ಬಿಟ್ಟವು ಅಂತ ಗೊತ್ತಾ ನಿಮಗೆ?

ಬ್ಯಾಡಗಿ ಮೆಣಸಿನಕಾಯಿ
ಹಳೇ ಮೈಸೂರು ಅವರೇ, ಸಾರಾಯಿ ಅಂಗಡಿ ಮಾತು ನಿಜ, ಅದನ್ನ ಯಾರೂ ಅಲ್ಲಗಳೆಯಲ್ಲ. ಇಲ್ಲೂ ಕುಡಿತದಿಂದ ಹಾಳಾದ ಮನೆಗಳಿವೆ. ಆದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಹಳ್ಳಿ ಪಬ್ ಒಳಗೆ ಹೋಗಿ ನೋಡಿ. ಅಜ್ಜಿ ಒಬ್ಬರು ನಾಯಿ ಕಟ್ಟಿ ಸೂಪ್ ಕುಡೀತಿರ್ತಾರೆ, ನಡೆದು ದಣಿದವರು ಬೂಟು ಬಿಚ್ಚಿ ಕೂತಿರ್ತಾರೆ, ಬೇಲಿ ಜಗಳ, ಚರ್ಚಿನ ಚಂದಾ ಎಲ್ಲಾ ಅಲ್ಲೇ ಮಾತಾಡ್ತಾರೆ. ನಾನು ಒಂದು ಹನಿನೂ ಕುಡಿಯಲ್ಲ. ಲೈಮ್ ಸೋಡಾ ತಗೊಂಡು ಮೂಲೇಲಿ ಕೂತ್ರೆ ಯಾರೂ ಯಾಕೆ ಕುಡಿಯಲ್ಲ ಅಂತ ಕೇಳಲ್ಲ. ಇಲ್ಲಿ ವರ್ಷಗಟ್ಟಲೆ ಇದ್ದು ಊರಿನವರ ಪರಿಚಯನೇ ಆಗ್ಲಿಲ್ಲ ಅನ್ನೋ ನಮ್ಮ ಎಷ್ಟೋ ಜನ ಆ ಬಾಗಿಲು ಒಮ್ಮೆನೂ ದಾಟಿಲ್ಲ. ಅದು ನನಗೆ ನಿಜವಾಗ್ಲೂ ಬೇಸರದ ವಿಷಯ.

ಹಳೇ ಮೈಸೂರು
ಪರಿಚಯ ಆಗೋಕೆ ಪಬ್ಬೇ ಬೇಕಾ? ಲೈಬ್ರರಿ ಇಲ್ವಾ? ಶಾಲೆ ಇಲ್ವಾ? ಕನ್ನಡ ಬಳಗ ಇಲ್ವಾ?

ಬ್ಯಾಡಗಿ ಮೆಣಸಿನಕಾಯಿ
ಕನ್ನಡ ಬಳಗದಲ್ಲಿ ಕನ್ನಡಿಗರ ಪರಿಚಯ ಆಗುತ್ತೆ. ಪಕ್ಕದ ಮನೆಯವರದ್ದು ಎಲ್ಲಿ ಆಗ್ಬೇಕು? ನಮ್ಮ ಹಳ್ಳಿಯಲ್ಲಿ ಶಾಲೆ ಮುಚ್ಚಿದೆ, ಅಂಚೆ ಕಚೇರಿ ಹೋಯ್ತು, ಬಸ್ಸು ವಾರಕ್ಕೆ ಎರಡು ದಿನ. ಉಳಿದಿರೋದು ಚರ್ಚು ಮತ್ತು ಪಬ್ಬು.

ರಾತ್ರಿಪಾಳಿ
ಒಂದು ಮಾತು: ಅಮ್ಮನಿಗೆ ಸುಳ್ಳು ಹೇಳಿ ಕರ್ಕೊಂಡು ಹೋಗ್ಬೇಡಿ. "ರೆಸ್ಟೋರೆಂಟ್" ಅಂತ ಹೇಳಿ ಒಳಗೆ ಹೋದ್ಮೇಲೆ ಕೌಂಟರಲ್ಲಿ ಬಿಯರ್ ಪಂಪ್ ಕಂಡ್ರೆ ಅವರಿಗೆ ಊಟ ಸೇರಲ್ಲ. ಇರೋದನ್ನ ಇರೋ ಹಾಗೇ ಹೇಳಿ, ಅಂಗಳದಲ್ಲೂ ಕೂತ್ಕೋಬಹುದು ಅಂತ ಹೇಳಿ.

ಗ್ಲಾಸ್ಗೋ ಗೌಡ
ಡ್ರೈವರ್ ಯಾರು ಅಂತ ಮೊದಲು ನಿರ್ಧಾರ ಮಾಡಿ. ಇಂಗ್ಲೆಂಡಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ನಮ್ಮ ಸ್ಕಾಟ್ಲೆಂಡಲ್ಲಿ 2014ರಿಂದ 50, ಭಾರತದಲ್ಲಿ 30. ಅಲ್ಲಿ ಮಿತಿ ಜಾಸ್ತಿ ಅಂತ ಒಂದು ಪೈಂಟ್ ಹಾಕ್ಬಹುದು ಅನ್ನೋ ಲೆಕ್ಕ ಬೇಡ. ಹಳ್ಳಿ ರಸ್ತೆ ಒಂದು ಕಾರಿನಷ್ಟೇ ಅಗಲ, ಎರಡೂ ಕಡೆ ಬೇಲಿ, ತಿರುವಲ್ಲಿ ಟ್ರ್ಯಾಕ್ಟರ್ ಬರುತ್ತೆ. ಓಡಿಸೋರು ಕುಡೀಲೇಬೇಡಿ.

ಓಕ್ ತೊಲೆ
ಗೌಡರ ಮಾತಿಗೆ ಪೂರ್ತಿ ಒಪ್ಪಿಗೆ. ರೈಲಲ್ಲಿ ಬರೋರಿಗೆ ಈವ್ಶಮ್ ಮತ್ತು ಹನಿಬೋರ್ನ್ ನಿಲ್ದಾಣ ಹತ್ತಿರ, ಲಂಡನ್ ಪ್ಯಾಡಿಂಗ್ಟನ್‌ನಿಂದ ನೇರ ಗಾಡಿ ಇದೆ. ಅಲ್ಲಿಂದ ಟ್ಯಾಕ್ಸಿ ಮೊದಲೇ ಹೇಳಿಡಿ.

ಕೊವೆಂಟ್ರಿ ಕಾವೇರಿ
ಹೋಗಿ ಬಂದ್ವಿ! ಫ್ಲೀಸ್‌ಗೇ ಹೋದ್ವಿ, ವಾರದ ನಡುವೆ. ಫೋನ್ ಮಾಡಿ ಮೊಟ್ಟೆಯಿಲ್ಲದ ಸಸ್ಯಾಹಾರ ಅಂತ ಹೇಳಿದ್ದೆ, ಅವರು ಬರೆದಿಟ್ಟುಕೊಂಡಿದ್ರು.

ಒಳಗೆ ಹೋಗುವಾಗ ಅಪ್ಪ ತಲೆ ಬಗ್ಗಿಸಿಯೇ ಹೋಗ್ಬೇಕಾಯ್ತು, ತೊಲೆ ಅಷ್ಟು ಕೆಳಗೆ. ಬ್ರೂಹೌಸ್, ಡಗೌಟ್, ಪ್ಯೂಟರ್ ರೂಮ್ ಅಂತ ಮೂರು ಕೋಣೆ. ಪ್ಯೂಟರ್ ರೂಮಲ್ಲಿ ಮರದ ಕಪಾಟಿನ ತುಂಬ ತವರದ ತಟ್ಟೆಗಳ ಸಾಲು. ನೆಲಕ್ಕೆ ಹಾಸಿದ ಕಲ್ಲು ಕಾಲಿಂದ ಸವೆದು ತಗ್ಗಾಗಿದೆ. ಬೆಂಕಿಗೂಡಿನ ಮುಂದೆ ನೆಲದ ಮೇಲೆ ಬಿಳೀ ವೃತ್ತಗಳಿವೆ, ಚಿಮಣಿಯಿಂದ ಮಾಟಗಾತಿ ಇಳಿದು ಬರದೇ ಇರಲಿ ಅಂತ ಬರೀತಿದ್ದದ್ದಂತೆ. ಅಮ್ಮ ಅದನ್ನ ನೋಡಿ ತುಂಬಾ ಹೊತ್ತು ನಿಂತ್ರು. "ನಾವು ಹೊಸ್ತಿಲಿಗೆ ರಂಗೋಲಿ ಹಾಕಿದ್ರೆ ಇವರು ಒಲೆಗೆ ಹಾಕ್ತಿದ್ರು" ಅಂದ್ರು. ಆಮೇಲೆ ಒಳಗೇ ಕೂತ್ರು, ಅಂಗಳಕ್ಕೆ ಹೋಗೋಣ ಅನ್ನಲೇ ಇಲ್ಲ.

ಅಪ್ಪನಿಗೆ ಹಿಡಿಸಿದ್ದು ಮನೆಯ ನಕ್ಷೆ. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ. ನಂಜನಗೂಡು ತಾಲ್ಲೂಕಿನ ಅವರ ಅಜ್ಜನ ಮನೆಯಲ್ಲಿ ಕೊಟ್ಟಿಗೆ ಒಳಗೇ ಇತ್ತಂತೆ. ರಾತ್ರಿ ಹಸುವಿನ ಉಸಿರು ಕೇಳ್ತಾ ಮಲಗ್ತಿದ್ವಿ ಅಂತ ಹೇಳಿದ್ರು. ನನಗೆ ಈ ವಿಷಯ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಊಟ: ಅಮ್ಮನಿಗೆ ಬೆಣ್ಣೆ ಹಾಕಿದ ಆಸ್ಪರಾಗಸ್, ಹೊಸ ಆಲೂಗಡ್ಡೆ, ಬ್ರೆಡ್ಡು. ಆಸ್ಪರಾಗಸ್ ಬೆಳಗ್ಗೆ ತಾನೇ ಬಂದಿದ್ದು ಅಂದ್ರು, ಕಚ್ಚಿದ್ರೆ ರಸ ಬರ್ತಿತ್ತು. ಸೂಪರ್‌ಮಾರ್ಕೆಟ್ಟಿನದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಪ್ಪನಿಗೆ ಚೀಸ್ ಪೈ. ಕೌಂಟರಿಗೇ ಹೋಗಿ ಹೇಳಿ ಅಲ್ಲೇ ದುಡ್ಡು ಕೊಡೋ ಪದ್ಧತಿ ಅಪ್ಪನಿಗೆ ದರ್ಶಿನಿಯಷ್ಟೇ ಸಲೀಸಾಯ್ತು.

ಧಾರವಾಡ ಪೇಢಾ
ಭಾಳ ಛಲೋ ಆತು ನೋಡ್ರಿ! ಹುಲ್ಲಿನ ಮಾಳಿಗಿ ಇನ್ನೂ ಹಂಗ ಐತೇನು? ಬೆಂಕಿ ಬಿದ್ದಿತ್ತಂತ ಎಲ್ಲೋ ಕೇಳಿದ್ದೆ.

ಓಕ್ ತೊಲೆ
ಬಿದ್ದಿತ್ತು, 2004ರಲ್ಲಿ. ಹುಲ್ಲಿನ ಚಾವಣಿ ಸುಟ್ಟು ಮೇಲ್ಭಾಗ ಹಾಳಾಯ್ತು. ಕೆಳಗಿನ ಕೋಣೆಗಳು, ತವರದ ತಟ್ಟೆಗಳು ಉಳಿದವು. ಟ್ರಸ್ಟ್‌ನವರು ದುರಸ್ತಿ ಮಾಡಿ ಮರುವರ್ಷ ತೆರೆದ್ರು. ಕಾವೇರಿ ಅವರು ನೋಡಿದ ಹುಲ್ಲು ಆಮೇಲೆ ಹಾಕಿದ್ದು, ಕಂಬ-ತೊಲೆ ಹಳೇವು. ಹುಲ್ಲಿನ ಚಾವಣಿ ಹೇಗೂ ಕೆಲವು ದಶಕಕ್ಕೊಮ್ಮೆ ಬದಲಿಸಲೇಬೇಕು.

ಎಲ್ಲಾ ಪಬ್ಬಿಗೂ ಈ ಭಾಗ್ಯ ಇರಲ್ಲ. ಸ್ಟಾಫರ್ಡ್‌ಶೈರಿನ ಹಿಮ್ಲಿ ಹತ್ತಿರದ ಕ್ರೂಕೆಡ್ ಹೌಸ್ ನೆನಪಿದೆಯಾ? 1765ರ ತೋಟದ ಮನೆ, ಕೆಳಗೆ ಕಲ್ಲಿದ್ದಲು ಗಣಿ ತೋಡಿ ಒಂದು ಕಡೆ ವಾಲಿಕೊಂಡಿತ್ತು. 2023ರ ಆಗಸ್ಟ್‌ನಲ್ಲಿ ಬೆಂಕಿಗೆ ಸಿಕ್ತು, ಎರಡೇ ದಿನದಲ್ಲಿ ಉಳಿದ ಗೋಡೇನೂ ಕೆಡವಿದ್ರು. ಸ್ಥಳೀಯ ಕೌನ್ಸಿಲ್ ಮರಳಿ ಕಟ್ಟಬೇಕು ಅಂತ ಆದೇಶ ಮಾಡ್ತು. ಆ ಪಬ್ಬಿನೊಳಗೆ ಗೋಲಿ ಮೇಲಕ್ಕೆ ಉರುಳಿದ ಹಾಗೆ ಕಾಣ್ತಿತ್ತು. ಕಳೆದುಕೊಂಡಿದ್ದು ನೆನೆದ್ರೆ ಇವತ್ತಿಗೂ ಸಿಟ್ಟು ಬರುತ್ತೆ.

ಮಂಗಳೂರು ಮೀನು
ಚೀಸ್ ಪೈ ಮೇಲೆ ವೂಸ್ಟರ್ ಸಾಸ್ ಹಾಕಿದ್ರಾ? ವೂಸ್ಟರ್‌ಶೈರಿಗೇ ಹೋಗಿ ಅದನ್ನ ತಿನ್ನದೆ ಬಂದ್ರೆ ಹೇಗೆ? ಬಂಗಾಳದ ಗವರ್ನರ್ ಆಗಿದ್ದ ಲಾರ್ಡ್ ಸ್ಯಾಂಡಿಸ್ ನಮ್ಮ ದೇಶದಿಂದ ತಂದ ಪಾಕವಿಧಾನ ಅದು.

ಸೊಪ್ಪುಸಾರು
ಸದ್ಯ, ಹಾಕದೇ ಇದ್ರೆ ಒಳ್ಳೇದಾಯ್ತು! ವೂಸ್ಟರ್ ಸಾಸಿನ ಹೆಸರಾಂತ ಬ್ರ್ಯಾಂಡ್ ಲೀ ಆಂಡ್ ಪೆರಿನ್ಸ್‌ನಲ್ಲಿ ಆಂಚೊವಿ ಮೀನಿದೆ. ಚೀಸ್ ಟೋಸ್ಟ್ ಮೇಲೆ, ಟೊಮ್ಯಾಟೊ ಜ್ಯೂಸಲ್ಲಿ ಕೇಳದೆ ಸುರೀತಾರೆ, ಸಸ್ಯಾಹಾರಿಗಳು ಅಲ್ಲಿ ಹುಷಾರಾಗಿರ್ಬೇಕು. ಆ ಗವರ್ನರ್ ಕಥೆನೂ ನಿಲ್ಲಲ್ಲ. ಬಂಗಾಳಕ್ಕೆ ಸ್ಯಾಂಡಿಸ್ ಅನ್ನೋ ಗವರ್ನರ್ ಇರಲೇ ಇಲ್ಲ. ಆದ್ರೆ ಬಾಟಲಿ ಹಿಂದೆ ಪದಾರ್ಥಗಳ ಸಾಲು ಓದಿ, ಹುಣಸೆಹಣ್ಣು ಇದೆ. ಅದು ಎಲ್ಲಿಂದ ಹಡಗು ಹತ್ತಿತು ಅಂತ ಊಹಿಸೋಕೆ ಗವರ್ನರ್ ಬೇಕಾಗಿಲ್ಲ.

ಲೀಡ್ಸ್ ಕನ್ನಡಿಗ
ಇನ್ನೊಂದು ಮೀನು: ಕ್ಯಾಸ್ಕ್ (ಪೀಪಾಯಿ) ಬಿಯರ್ ತಿಳಿಯಾಗೋಕೆ ಐಸಿಂಗ್ಲಾಸ್ ಹಾಕ್ತಾರೆ, ಅದು ಮೀನಿನ ಗಾಳಿಚೀಲದಿಂದ ಬರೋದು. ಹಾಕದೆ ಮಾಡೋ ಬ್ರೂವರಿಗಳು ಈಗ ಹೆಚ್ಚಾಗ್ತಿವೆ. ಸಸ್ಯಾಹಾರಿ ಕುಡಿಯೋರು ಕೇಳ್ಕೊಳ್ಳಿ.

ಧಾರವಾಡ ಪೇಢಾ
ಇಷ್ಟ ದೂರ ಯಾಕ್ರಿ, ವೆಸ್ಟ್ ಬ್ರಾಮ್ವಿಚ್‌ನಾಗ ವೈನ್ ಅಂತ ಒಂದು ಪಬ್ ಐತಿ. ಮುಂದ ಹಳೇ ಪಬ್ಬು, ಹಿಂದ ಇದ್ದಲಿ ಮ್ಯಾಲೆ ತಂದೂರಿ. ಪನೀರ್ ಸಿಗತದ. ಖಾರ ಬೇಕಂದ್ರ ಅಲ್ಲಿಗೆ ಹೋಗ್ರಿ. ಪಂಜಾಬಿ ಮಂದಿ ನಡಸೋ ಇಂಥ ದೇಸಿ ಪಬ್ ಬರ್ಮಿಂಗ್‌ಹ್ಯಾಮ್ ಬಾಜೂಕಿನ ಬ್ಲ್ಯಾಕ್ ಕಂಟ್ರಿ ತುಂಬ ಅದಾವ. ಒಂದ ಕಾಲಕ್ಕ ನಮ್ಮ ಕಡೆ ಮಂದಿನ್ನ ಪಬ್ಬಿನೊಳಗ ಬಿಡವಲ್ಲರಾಗಿದ್ರು. ಈಗ ಮುಚ್ಚೋ ಪಬ್ಬು ನಮ್ಮವರೇ ಉಳಿಸ್ಯಾರ.

ಬ್ಯಾಡಗಿ ಮೆಣಸಿನಕಾಯಿ
ಪೇಢಾ ಹೇಳಿದ್ದು ಸತ್ಯ, ಅದೂ ಇತಿಹಾಸವೇ. ಅರವತ್ತರ ದಶಕದಲ್ಲಿ ಅದೇ ಕಡೆಯ ಸ್ಮೆಥಿಕ್‌ನ ಪಬ್ಬುಗಳಲ್ಲಿ ವರ್ಣಭೇದ ಬಹಿರಂಗವಾಗೇ ಇತ್ತು. 1965ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಊರಿಗೆ ಬಂದು ನೋಡಿ ಹೋಗಿದ್ದರು. ಹಳೇ ತೊಲೆ ನೋಡೋರು ಇದನ್ನೂ ತಿಳ್ಕೊಳ್ಳಬೇಕು.

ಗ್ಲಾಸ್ಗೋ ಗೌಡ
ಊಟ ಚೆನ್ನಾಗಿರೋ ಪಬ್ ಅಂದ್ರೆ ಮಾರ್ಲೋದ ಹ್ಯಾಂಡ್ ಆಂಡ್ ಫ್ಲವರ್ಸ್ ಯಾರೂ ಹೇಳಲೇ ಇಲ್ವಲ್ಲ. ಒಳ್ಳೇ ಅಡುಗೆಗೆ ಕೊಡೋ ಮಿಶೆಲಿನ್ ನಕ್ಷತ್ರ ಎರಡು ಪಡೆದ ಮೊದಲ ಪಬ್ ಅದು.

ಓಕ್ ತೊಲೆ
ಊಟಕ್ಕೆ ನಮಸ್ಕಾರ. ಆದ್ರೆ ಅಲ್ಲಿಗೆ ಹೋಗೋರು ಪಬ್ಬಿಗೆ ಹೋಗಲ್ಲ, ರೆಸ್ಟೋರೆಂಟಿಗೆ ಹೋಗ್ತಾರೆ. 1991ರಲ್ಲಿ ಲಂಡನ್ ಫಾರಿಂಗ್ಡನ್‌ನ ಈಗಲ್‌ನಿಂದ ಈ ಗ್ಯಾಸ್ಟ್ರೋಪಬ್, ಅಂದ್ರೆ ಊಟಕ್ಕೇ ಹೆಸರಾದ ಪಬ್ಬುಗಳ ಅಲೆ ಶುರುವಾಯ್ತು. ಮೊದಮೊದಲು ಒಳ್ಳೇ ಊಟ ಕಡಿಮೆ ಬೆಲೆಗೆ ಸಿಕ್ತಿತ್ತು. ಈಗ ಎಷ್ಟೋ ಹಳ್ಳಿಗಳಲ್ಲಿ ಮೇಜೆಲ್ಲಾ ಊಟದವರಿಗೇ ಮೀಸಲು, ಒಂದು ಲೋಟ ಹಿಡಿದು ನಿಲ್ಲೋಕೆ ಊರಿನವನಿಗೆ ಜಾಗ ಇಲ್ಲ.

ಸೊಪ್ಪುಸಾರು
ಇದನ್ನ ಒಪ್ಪಲ್ಲ. ಬರೀ ಬಿಯರ್ ನಂಬಿ ಕೂತಿದ್ರೆ ಅರ್ಧ ಹಳ್ಳಿ ಪಬ್ಬುಗಳು ಯಾವತ್ತೋ ಬಾಗಿಲು ಹಾಕಿರ್ತಿದ್ವು. ಊಟ ಇದ್ದಿದ್ರಿಂದ ತಾನೇ ನನ್ನಂಥ ಕುಡಿಯದವಳು, ಮಕ್ಕಳಿರೋರು, ಕಾವೇರಿ ಅವರ ಅಮ್ಮ, ಎಲ್ಲಾ ಒಳಗೆ ಹೋಗೋ ಹಾಗಾಯ್ತು?

ಓಕ್ ತೊಲೆ
ಊಟ ಬೇಡ ಅಂತ ಅಲ್ಲ. ಪಬ್ಬಿಗೆ ತಕ್ಕ ಊಟ ಇರಲಿ ಅಂತ. ಬರ್ಕ್‌ಶೈರಿನ ಆಲ್ಡ್‌ವರ್ತ್‌ನಲ್ಲಿ ಬೆಲ್ ಅಂತ ಇದೆ, ಇನ್ನೂರೈವತ್ತು ವರ್ಷದಿಂದ ಒಂದೇ ಕುಟುಂಬದ ಕೈಯಲ್ಲಿ. ನಿಲ್ಲೋಕೆ ಕೌಂಟರೂ ಇಲ್ಲ, ಕಿಟಕಿಯಂಥ ಕಿಂಡಿಯಲ್ಲೇ ಎಲ್ಲಾ ಕೊಡ್ತಾರೆ. ಬಿಸಿ ಬನ್ನಿನೊಳಗೆ ಚೀಸು ಇಲ್ಲಾ ಮಾಂಸ, ಸೂಪು, ಪುಡ್ಡಿಂಗು. ಅದನ್ನಿಟ್ಟುಕೊಂಡೇ 1990ರಲ್ಲೂ 2019ರಲ್ಲೂ ಸಾಂಪ್ರದಾಯಿಕ ಬಿಯರ್ ಉಳಿಸೋ ಸಂಘ ಕಾಮ್ರಾದ ರಾಷ್ಟ್ರೀಯ ಪಬ್ ಪ್ರಶಸ್ತಿ ಗೆದ್ದರು.

ಹಳೇ ಮೈಸೂರು
ಆ ಚೀಸ್ ಬನ್ ಸಸ್ಯಾಹಾರವಾ? ರೆನೆಟ್ ಯಾವುದು? ನಾನು ರೀಡಿಂಗಲ್ಲೇ ಇರೋದು, ಆಲ್ಡ್‌ವರ್ತ್ ಹತ್ತಿರ.

ಓಕ್ ತೊಲೆ
ಇಲ್ಲಿನ ಚೆಡ್ಡಾರ್ ಬಹಳಷ್ಟು ಪ್ರಾಣಿಗಳಿಂದ ತೆಗೆಯದ ರೆನೆಟ್‌ನಲ್ಲೇ ಮಾಡ್ತಾರೆ, ಆದ್ರೂ ಅಲ್ಲೇ ಕೇಳಿ. ಸೋಮವಾರ ಮುಚ್ಚಿರುತ್ತೆ. ನಗದು ಸ್ವಲ್ಪ ಇಟ್ಕೊಳ್ಳಿ. ರಿಡ್ಜ್‌ವೇ ಕಾಲುದಾರಿ ಪಕ್ಕದಲ್ಲೇ ಹೋಗುತ್ತೆ, ಮೊದಲು ಅಲ್ಲಿ ನಡೆದು ಹಸಿವು ಮಾಡ್ಕೊಂಡು ಬನ್ನಿ.

ಹಳೇ ಮೈಸೂರು
ಶನಿವಾರ ಆಗಬಹುದು. ಯಾರಾದ್ರೂ ಜೊತೆಗೆ ಬರೋರಿದ್ರೆ ಹೇಳಿ, ಕಾರಲ್ಲಿ ಮೂರು ಸೀಟಿದೆ. ಓಡಿಸೋದು ನಾನೇ.